ಹಳೆಯ ಕಾರಿನ ರಿಮೋಟ್ ಅಲಾರಂ: ಕೂಗುವುದು ಯಾವುದು, ಕಾರನ್ನು ನಿಜವಾಗಿ ತಡೆಯುವುದು ಯಾವುದು?

ಶಿವಮೊಗ್ಗದ ಹೊಸ ಸದಸ್ಯ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ 2012ರ ಮಾದರಿಯ ವ್ಯಾಗನ್ ಆರ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಹಿಂದಿನ ಮಾಲೀಕರು ಹೊರಗಿನ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಮತ್ತು ರಿಮೋಟ್ ಅಲಾರಂ ಹಾಕಿಸಿದ್ದಾರೆ. ನನ್ನ ಕೈಗೆ ಬಂದದ್ದು ಒಂದೇ ರಿಮೋಟ್. ಅದರ ಜೊತೆಗಿದ್ದ ಕೈಪಿಡಿ ಕಳೆದುಹೋಗಿದೆ ಎಂದರು, ಎರಡನೆಯ ರಿಮೋಟ್ ಎಲ್ಲಿದೆ ಎಂಬುದು ಅವರಿಗೂ ನೆನಪಿಲ್ಲ.

ರಿಮೋಟ್‌ನಲ್ಲಿ ನಾಲ್ಕು ಗುಂಡಿಗಳಿವೆ: ಮುಚ್ಚಿದ ಬೀಗ, ತೆರೆದ ಬೀಗ, ಗಂಟೆಗೆ ಅಡ್ಡಗೆರೆ ಎಳೆದ ಚಿತ್ರ ಮತ್ತು ಒಂದು ಮಿಂಚಿನ ಗುರುತು. ಬೀಗದ ಗುಂಡಿಗಳೇನೋ ಅರ್ಥವಾದವು. ಆದರೆ ಕೆಲವೊಮ್ಮೆ ನಾನು ಲಾಕ್ ತೆರೆದು, ಫೋನಿನಲ್ಲಿ ಮಾತಾಡುತ್ತ ಹೊರಗೇ ನಿಂತಿದ್ದರೆ ಬಾಗಿಲುಗಳು ತಾವಾಗಿಯೇ ಮತ್ತೆ ಲಾಕ್ ಆಗುತ್ತವೆ. ರಾತ್ರಿ ಮನೆಯ ಮುಂದಿನ ರಸ್ತೆಯಲ್ಲಿ ಭಾರದ ಲಾರಿ ಹೋದರೆ ಸೈರನ್ ಕೂಗಲು ಶುರುವಾಗುತ್ತದೆ. ಪಕ್ಕದ ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಹಿರಿಯರೊಬ್ಬರಿದ್ದಾರೆ, ಅವರ ನಿದ್ದೆ ಕೆಡುತ್ತಿರುವುದು ನನಗೆ ನಿಜವಾಗಿ ಸಂಕಟದ ವಿಷಯ. ಅಲಾರಂ ಅನ್ನು ಪೂರ್ತಿ ತೆಗೆಸಿಬಿಡುವುದು ಲೇಸೇ, ಅಥವಾ ಸರಿಪಡಿಸಿ ಉಳಿಸಿಕೊಳ್ಳಬಹುದೇ? ಇದು ನಿಜಕ್ಕೂ ಕಳ್ಳತನವನ್ನು ತಡೆಯುತ್ತದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್

ನಮಸ್ಕಾರ ಸರ್. ಕಾರುಗಳ ವೈರಿಂಗ್ ಕೆಲಸವೇ ನನ್ನ ಜೀವನೋಪಾಯ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ತೆಗೆಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಎರಡೂ ತೊಂದರೆಗಳಲ್ಲಿ ಒಂದು ದೋಷವೇ ಅಲ್ಲ, ಇನ್ನೊಂದು ಸಣ್ಣ ತಿರುಪುಳಿಯಿಂದ ಸರಿಹೋಗುವಂಥದ್ದು.

ತಾನಾಗಿ ಲಾಕ್ ಆಗುವುದು ಆ ಅಲಾರಂ ಘಟಕದ, ಅಂದರೆ ಕಾರಿನೊಳಗಿನ ಅದರ ನಿಯಂತ್ರಣ ಪೆಟ್ಟಿಗೆಯ ಗುಣವೇ. ಜೇಬಿನಲ್ಲಿದ್ದ ರಿಮೋಟ್ ಒತ್ತಿಹೋಗಿ ಕಾರು ತೆರೆದುಕೊಂಡರೆ ಅದು ರಾತ್ರಿಯಿಡೀ ತೆರೆದೇ ಇರಬಾರದು ಎಂಬ ಕಾರಣಕ್ಕೆ, ಲಾಕ್ ತೆರೆದ ಸುಮಾರು 30 ಸೆಕೆಂಡುಗಳೊಳಗೆ ಯಾವ ಬಾಗಿಲೂ ತೆರೆಯದಿದ್ದರೆ ಘಟಕವು ಮತ್ತೆ ಲಾಕ್ ಮಾಡಿ ಅಲಾರಂ ಹೂಡುತ್ತದೆ, ಅಂದರೆ ಕಾವಲಿಗೆ ಇಡುತ್ತದೆ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಬಹಳಷ್ಟು ಹಳೆಯ ಕಾರುಗಳಲ್ಲಿ ಡಿಕ್ಕಿಯ ಬಾಗಿಲಿನ ಸ್ವಿಚ್ಚನ್ನು ಅಲಾರಂಗೆ ಜೋಡಿಸಿರುವುದಿಲ್ಲ. ನೀವು ರಿಮೋಟ್ ಒತ್ತಿ, ಡಿಕ್ಕಿ ಮಾತ್ರ ತೆರೆದು ಸಾಮಾನಿಡುವಾಗ ಕೀಲಿಗೊಂಚಲನ್ನೂ ಅಲ್ಲೇ ಇಟ್ಟು ಮುಚ್ಚಿದರೆ ಕಾರು ಕೀಲಿಯನ್ನು ಒಳಗಿಟ್ಟುಕೊಂಡೇ ಲಾಕ್ ಆಗಿಬಿಡುತ್ತದೆ. ಇಂಥ ಕರೆಗಳು ನಮಗೆ ಆಗಾಗ ಬರುತ್ತವೆ.

ಗಂಟೆಗೆ ಗೆರೆ ಎಳೆದ ಗುಂಡಿ ಸದ್ದಿಲ್ಲದೆ ಲಾಕ್ ಮಾಡುವುದಕ್ಕೆ. ಅದನ್ನು ಒತ್ತಿದರೆ ಲಾಕ್ ಆದಾಗಿನ "ಕೀಂ" ಸದ್ದು ಬರುವುದಿಲ್ಲ. ಕೆಲವು ಘಟಕಗಳಲ್ಲಿ ಹೀಗೆ ಹೂಡಿದಾಗ, ಕಾರಿಗೆ ಬಿದ್ದ ಹೊಡೆತ, ಅದುರನ್ನು ಗುರುತಿಸುವ ಶಾಕ್ ಸೆನ್ಸರ್ ಕೂಡ ಮಲಗಿರುತ್ತದೆ, ಬಾಗಿಲು ತೆರೆದರೆ ಮಾತ್ರ ಸೈರನ್ ಕೂಗುತ್ತದೆ. ನಿಮ್ಮ ಘಟಕ ಇವೆರಡರಲ್ಲಿ ಯಾವ ಬಗೆಯದು ಎಂಬುದನ್ನು ಹಗಲಿನಲ್ಲಿ ಪರೀಕ್ಷಿಸಿ ನೋಡಿ. ಮಿಂಚಿನ ಗುಂಡಿ ಸಾಮಾನ್ಯವಾಗಿ ಜನಜಂಗುಳಿಯ ಪಾರ್ಕಿಂಗ್‌ನಲ್ಲಿ ಕಾರನ್ನು ಹುಡುಕುವುದಕ್ಕೆ. ಅದನ್ನೇ ಒತ್ತಿ ಹಿಡಿದರೆ ತುರ್ತು ಸೈರನ್ ಆಗುತ್ತದೆ.

ಸದ್ದುಗಳ ಲೆಕ್ಕವನ್ನು ಕಲಿತುಕೊಳ್ಳಿ. ಸಾಮಾನ್ಯವಾಗಿ ಒಂದು ಸದ್ದು ಬಂದರೆ ಲಾಕ್ ಆಗಿ ಕಾವಲು ಶುರುವಾಗಿದೆ ಎಂದು ಅರ್ಥ, ಎರಡು ಬಂದರೆ ಕಾವಲು ತೆಗೆದಿದೆ. ತೆರೆಯುವಾಗ ಎರಡರ ಬದಲು ಮೂರೋ ನಾಲ್ಕೋ ಸದ್ದು ಬಂದರೆ, ನೀವಿಲ್ಲದ ವೇಳೆಯಲ್ಲಿ ಅಲಾರಂ ಕೂಗಿತ್ತು ಎಂದು ಅದು ತಿಳಿಸುತ್ತಿದೆ. ಹಾಗಾದಾಗ ಒಳಗೆ ಕೂರುವ ಮುನ್ನ ಗಾಜು, ಬಾಗಿಲಿನ ಬೀಗದ ತೂತು, ಟೈರು ಎಲ್ಲವನ್ನೂ ಒಂದು ಸುತ್ತು ನೋಡಿಬಿಡಿ.

ಈಗ ಲಾರಿಯ ವಿಷಯ. ಸ್ಟಿಯರಿಂಗ್ ಕಂಬದ ಕೆಳಗೆ, ಡ್ಯಾಶ್‌ಬೋರ್ಡಿನ ಒಳಬದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಅಂಟುಪಟ್ಟಿಯಿಂದ ಅಂಟಿಸಿರುತ್ತಾರೆ. ಅದೇ ಶಾಕ್ ಸೆನ್ಸರ್. ಅದರ ಮೇಲೆ ಸಣ್ಣ ತಿರುಪು ಇರುತ್ತದೆ, ಪಕ್ಕದಲ್ಲಿ ಒಂದೋ ಎರಡೋ ಪುಟ್ಟ ದೀಪಗಳು. ಎರಡು ದೀಪಗಳಿದ್ದರೆ ಒಂದು ಲಘು ತಟ್ಟಿಗೆ, ಇನ್ನೊಂದು ಬಲವಾದ ಹೊಡೆತಕ್ಕೆ. ತಿರುಪನ್ನು ಕಡಿಮೆ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಕಾರನ್ನು ಲಾಕ್ ಮಾಡಿ, ಸೆನ್ಸರ್ ಎಚ್ಚರಗೊಳ್ಳಲು ಅರ್ಧ ನಿಮಿಷ ಬಿಟ್ಟು, ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಅಂಗೈಯಿಂದ ತಟ್ಟಿ. ಅಂಗೈಯ ತಟ್ಟಿಗೆ ಸುಮ್ಮನಿದ್ದು, ಮುಷ್ಟಿಯ ಬಲವಾದ ಗುದ್ದಿಗೆ ಕೂಗುವಂತಿದ್ದರೆ ಅಲ್ಲಿಗೆ ನಿಲ್ಲಿಸಿ. ಡಬ್ಬಿ ಅಂಟು ಬಿಟ್ಟು ತಂತಿಯಿಂದ ಜೋತಾಡುತ್ತಿದ್ದರೆ ತಿರುಪು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಮೊದಲು ಅದನ್ನು ಕಬ್ಬಿಣದ ಭಾಗಕ್ಕೆ ಭದ್ರಪಡಿಸಬೇಕು. ತಟ್ಟದೆಯೂ ಕೂಗುತ್ತಿದ್ದರೆ ಬಾಗಿಲಿನ ಅಥವಾ ಬಾನೆಟ್ಟಿನ ಪಿನ್ ಸ್ವಿಚ್ಚಿಗೆ ತುಕ್ಕು ಹಿಡಿದಿರುತ್ತದೆ. ಮಲೆನಾಡಿನ ಮಳೆಗೆ ಅದು ತೀರ ಸಾಮಾನ್ಯ.

ಕೊನೆಯ ಪ್ರಶ್ನೆಗೆ ನೇರ ಉತ್ತರ: ಸೈರನ್ ಕಾರನ್ನು ತಡೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಕಾರು ಕದಲದಂತೆ ಹಿಡಿದಿಡುವುದು ಎಂಜಿನ್ ಶುರುವಾಗದಂತೆ ಮಾಡುವ ವ್ಯವಸ್ಥೆ. ನಿಮ್ಮ ಕಾರಿನಲ್ಲಿ ಅದು ಇದೆಯೇ, ಇದ್ದರೆ ಎಷ್ಟು ಇದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಕಾರು ಮತ್ತು ಕೀಲಿಯ ಚಿಹ್ನೆಯ ದೀಪ ಬಂದು ಆರಿಹೋಗುತ್ತದೆಯೇ ನೋಡಿ ತಿಳಿಸಿ.

ಶಿವಮೊಗ್ಗದ ಹೊಸ ಸದಸ್ಯ

ಇಷ್ಟು ವಿವರವಾಗಿ ಬರೆದದ್ದಕ್ಕೆ ಅನಂತ ಧನ್ಯವಾದಗಳು ಸರ್. ನೀವು ಹೇಳಿದಂತೆ ಡಬ್ಬಿ ಅಂಟು ಬಿಟ್ಟು ಜೋತಾಡುತ್ತಿತ್ತು. ಕೀಲಿಯ ಚಿಹ್ನೆ ಬಂದು ಆರುತ್ತದೆ. ಆ ದೀಪದ ಅರ್ಥವೇನು? ಇನ್ನೊಂದು ವಿಷಯ: ಫ್ಯೂಸ್ ಪೆಟ್ಟಿಗೆಯ ಹತ್ತಿರ ಯಾವುದಕ್ಕೂ ಸಂಬಂಧವಿಲ್ಲದಂತೆ ಒಂದು ಪುಟ್ಟ ಒತ್ತುಗುಂಡಿ ಸಿಕ್ಕಿತು. ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್

ಸಂತೋಷ ಸರ್. ಆ ದೀಪವಿದ್ದರೆ ಕಾರಿನಲ್ಲಿ ಕಂಪನಿಯೇ ಅಳವಡಿಸಿದ ಇಮೊಬಿಲೈಸರ್, ಅಂದರೆ ನಾನು ಮೇಲೆ ಹೇಳಿದ ಎಂಜಿನ್ ತಡೆಯುವ ವ್ಯವಸ್ಥೆ ಇದೆ. ಮಾರುತಿಯವರು ಅದನ್ನು ಐ-ಕ್ಯಾಟ್ಸ್ ಎಂದು ಕರೆಯುತ್ತಾರೆ. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಬೀಗದ ಸುತ್ತಲಿನ ಸುರುಳಿಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆ ಚಿಪ್‌ನ ಗುರುತನ್ನು ಒಪ್ಪಿದರೆ ಮಾತ್ರ ಎಂಜಿನ್ ಓಡುತ್ತದೆ. ಹೊರಗಿನ ಅಲಾರಂ ಅನ್ನು ಕಿತ್ತೆಸೆದರೂ ಈ ಕಾವಲು ಹಾಗೆಯೇ ಇರುತ್ತದೆ. ನಿಮ್ಮ ಪಾಲಿಗೆ ಇದು ದೊಡ್ಡ ಸಮಾಧಾನದ ಸಂಗತಿ. ದೀಪ ಆರದೆ ಮಿನುಗುತ್ತಲೇ ಇದ್ದರೆ ಕೀಲಿಯನ್ನು ಗುರುತಿಸುತ್ತಿಲ್ಲ ಎಂದು ತಿಳಿಯಿರಿ.

ಆ ಒತ್ತುಗುಂಡಿ ಬಹಳ ಮುಖ್ಯವಾದದ್ದು, ಅದು ಎಲ್ಲಿದೆ ಎಂದು ಮನೆಯವರಿಗೂ ತೋರಿಸಿಡಿ. ರಿಮೋಟ್ ಕೆಟ್ಟ ದಿನ ಕೀಲಿಯಿಂದ ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ಎಂಜಿನ್ ಶುರುವಾಗುವುದಿಲ್ಲ. ಆಗ ಇಗ್ನಿಷನ್ ಆನ್ ಮಾಡಿ ಈ ಗುಂಡಿಯನ್ನು ಒತ್ತಿದರೆ ಅಲಾರಂ ಬಿಟ್ಟುಕೊಡುತ್ತದೆ. ಒಮ್ಮೆ ಒತ್ತಬೇಕೇ, ಹಲವು ಸಲವೇ, ಎಷ್ಟು ಸೆಕೆಂಡಿನೊಳಗೆ ಎಂಬುದು ಘಟಕದಿಂದ ಘಟಕಕ್ಕೆ ಬೇರೆ. ಸರ್ವಿಸ್‌ಗೆ ಬಿಡುವಾಗ ಕಾವಲನ್ನು ತಾತ್ಕಾಲಿಕವಾಗಿ ಮಲಗಿಸುವ ವ್ಯಾಲೆ ವಿಧಾನಕ್ಕೂ ಇದೇ ಗುಂಡಿ. ಸರ್ವಿಸ್ ಮುಗಿದ ಮೇಲೆ ಅದನ್ನು ಮರಳಿ ಎಬ್ಬಿಸಲು ಮರೆಯಬೇಡಿ. ಆ ವಿಧಾನದಲ್ಲಿದ್ದಾಗ ರಿಮೋಟ್ ಬಾಗಿಲುಗಳನ್ನು ಲಾಕ್ ಮಾಡುತ್ತಲೇ ಇರುತ್ತದೆ, ಹಾಗಾಗಿ ಕಾವಲು ಇಲ್ಲವೆಂಬುದು ಗೊತ್ತೇ ಆಗುವುದಿಲ್ಲ.

ಮೈಸೂರು ಸರ್ಕ್ಯೂಟ್

ಎಲೆಕ್ಟ್ರಿಷಿಯನ್ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ಕಾಣೆಯಾದ ಎರಡನೆಯ ರಿಮೋಟ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಈ ಚರ್ಚೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹೊರಗೆ ಎಲ್ಲೋ ನಿಮ್ಮ ಕಾರನ್ನು ತೆರೆಯಬಲ್ಲ ಇನ್ನೊಂದು ರಿಮೋಟ್ ಇದೆ. ಇಂಥ ಬಹಳಷ್ಟು ಘಟಕಗಳ ನೆನಪಿನಲ್ಲಿ ಮೂರು ಅಥವಾ ನಾಲ್ಕು ರಿಮೋಟ್‌ಗಳಿಗೆ ಜಾಗವಿರುತ್ತದೆ, ಹೊಸದನ್ನು ಕಲಿಸಿದಾಗ, ಅಂದರೆ ಘಟಕಕ್ಕೆ ಪರಿಚಯಿಸಿದಾಗ, ಅತಿ ಹಳೆಯದು ಹೊರಬೀಳುತ್ತದೆ. ಹೊಸ ರಿಮೋಟ್ ಒಂದನ್ನು ಕೊಂಡು, ಕೈಯಲ್ಲಿರುವ ಎರಡನ್ನೇ ಅದಲುಬದಲು ಮಾಡಿ ಎಲ್ಲ ಜಾಗಗಳೂ ತುಂಬುವಂತೆ ಕಲಿಸಿದರೆ ಕಳೆದುಹೋದದ್ದು ತಾನಾಗಿ ಅನರ್ಹವಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದ ಕೆಲಸವಿದು.

ಎರಡನೆಯದು, ರಿಮೋಟ್ ಕಳುಹಿಸುವ ಸಂಕೇತ ಎಂಥದ್ದು ಎಂಬ ಪ್ರಶ್ನೆ. ನಮ್ಮಲ್ಲಿನ ಬಹುಪಾಲು ಕಾರು ರಿಮೋಟ್‌ಗಳು 433.92 ಮೆಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತವೆ. ತೀರ ಅಗ್ಗದವು ಪ್ರತಿ ಸಲವೂ ಒಂದೇ ಸಂಕೇತವನ್ನು ಕಳುಹಿಸುತ್ತವೆ. ಹಳೆಯ ಪಿಟಿ2262 ಎಂಬ ಚಿಪ್‌ನಲ್ಲಿ ಸಾಧ್ಯವಿರುವ ಸಂಕೇತಗಳೇ 5,31,441. ಕೇಳಲು ದೊಡ್ಡ ಸಂಖ್ಯೆಯಾದರೂ, ಒಮ್ಮೆ ಕದ್ದು ಕೇಳಿಸಿಕೊಂಡವನಿಗೆ ಎಲ್ಲವನ್ನೂ ಪ್ರಯತ್ನಿಸುವ ಅಗತ್ಯವೇ ಇಲ್ಲ, ಕೇಳಿದ್ದನ್ನೇ ಮರಳಿ ಕಳುಹಿಸಿದರೆ ಸಾಕು. ಒಳ್ಳೆಯ ಘಟಕಗಳು ರೋಲಿಂಗ್ ಕೋಡ್, ಅಂದರೆ ಪ್ರತಿ ಒತ್ತಿಗೂ ಬದಲಾಗುವ ಸಂಕೇತ ಬಳಸುತ್ತವೆ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ರೂಪುಗೊಂಡು, 1990ರ ದಶಕದಲ್ಲಿ ಮೈಕ್ರೋಚಿಪ್ ಕಂಪನಿಯ ಕೈಸೇರಿದ ಕೀಲಾಕ್ ಎಂಬ ವಿಧಾನ ಇವುಗಳಲ್ಲಿ ಬಹಳ ಪ್ರಚಲಿತವಾದದ್ದು. ಪ್ರತಿ ಒತ್ತಿಗೂ ರಿಮೋಟ್‌ನೊಳಗಿನ ಎಣಿಕೆ ಒಂದು ಹೆಚ್ಚುತ್ತದೆ, ಆ ಎಣಿಕೆ ಗೂಢಲಿಪಿಯಾಗಿ ಹೋಗುತ್ತದೆ, ಒಮ್ಮೆ ಬಳಸಿದ ಸಂಕೇತವನ್ನು ಕಾರು ಮತ್ತೆ ಒಪ್ಪುವುದಿಲ್ಲ. ಮಗು ರಿಮೋಟ್ ಹಿಡಿದು ಕಾರಿನಿಂದ ದೂರದಲ್ಲಿ ಆಟವಾಡಿದರೂ ತೊಂದರೆಯಿಲ್ಲ: ಸಾಮಾನ್ಯ ಜೋಡಣೆಯಲ್ಲಿ 16 ಒತ್ತುಗಳವರೆಗೆ ಕಾರು ತಾನೇ ಹೊಂದಿಕೊಳ್ಳುತ್ತದೆ, ಅದನ್ನು ಮೀರಿದರೆ ಕಾರಿನ ಹತ್ತಿರ ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕಾಗುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಸುಲಭವಾದ ದಾರಿ ಇದೆ. ನಕಲಿ ಕೀಲಿ ಮಾಡುವ ಅಂಗಡಿಗಳಲ್ಲಿ, ಒಂದು ರಿಮೋಟ್‌ನ ಎದುರು ಇನ್ನೊಂದನ್ನು ಹಿಡಿದು ನಕಲು ಮಾಡುವ ಅಗ್ಗದ ರಿಮೋಟ್‌ಗಳು ಸಿಗುತ್ತವೆ. ಹಾಗೆ ನಕಲು ಮಾಡಿದ ರಿಮೋಟ್ ನಿಮ್ಮ ಕಾರನ್ನು ತೆರೆದರೆ ನಿಮ್ಮದು ಒಂದೇ ಸಂಕೇತದ ಘಟಕ. ಅಂಥದ್ದನ್ನು ಬದಲಿಸುವುದೇ ಸರಿ.

ಕರಾವಳಿ ಪಯಣಿಗ

ರೋಲಿಂಗ್ ಕೋಡ್ ಇದ್ದರೆ ನಿಶ್ಚಿಂತೆ ಎಂಬ ಭಾವನೆ ಬರುವಂತಿದೆ ನಿಮ್ಮ ಬರಹ. ಅದನ್ನೂ ಮುರಿಯುತ್ತಾರೆ ಎಂದು ಓದಿದ್ದೇನೆ. ನನ್ನದು ಕೀಲಿ ಜೇಬಿನಲ್ಲಿದ್ದರೆ ಬಾಗಿಲು ತೆರೆಯುವ, ಗುಂಡಿ ಒತ್ತಿ ಎಂಜಿನ್ ಶುರುಮಾಡುವ ಹೊಸ ಕಾರು. ಮಂಗಳೂರಿನ ಅಪಾರ್ಟ್‌ಮೆಂಟ್‌ನ ನೆಲಮಹಡಿಯಲ್ಲಿ ನಮ್ಮ ಮನೆ, ಕಾರು ನಿಲ್ಲುವುದು ಗೋಡೆಯ ಆಚೆಗೆ. ಇದಕ್ಕೆ ಏನಾದರೂ ಎಚ್ಚರಿಕೆ ಬೇಕೇ?

ಮೈಸೂರು ಸರ್ಕ್ಯೂಟ್

ಪ್ರಶ್ನೆ ಸರಿಯಾಗಿಯೇ ಇದೆ. 2015ರಲ್ಲಿ ಸ್ಯಾಮಿ ಕಮ್ಕರ್ ಎಂಬ ಅಮೆರಿಕದ ಸಂಶೋಧಕರು ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ರೋಲ್‌ಜ್ಯಾಮ್ ಎಂಬ ಸಾಧನವನ್ನು ತೋರಿಸಿದರು. ನೀವು ಗುಂಡಿ ಒತ್ತಿದಾಗ ಆ ಸಾಧನವು ಕಾರಿಗೆ ಸಂಕೇತ ತಲುಪದಂತೆ ಗದ್ದಲ ಎಬ್ಬಿಸಿ, ಸಂಕೇತವನ್ನು ತಾನು ದಾಖಲಿಸಿಕೊಳ್ಳುತ್ತದೆ. ಕಾರು ಸ್ಪಂದಿಸಲಿಲ್ಲವೆಂದು ನೀವು ಮತ್ತೆ ಒತ್ತುತ್ತೀರಿ. ಆಗ ಎರಡನೆಯದನ್ನೂ ದಾಖಲಿಸಿಕೊಂಡು, ಮೊದಲನೆಯದನ್ನು ಕಾರಿಗೆ ಕಳುಹಿಸುತ್ತದೆ. ಕಾರು ಸ್ಪಂದಿಸಿತೆಂದು ನೀವು ಹೊರಡುತ್ತೀರಿ, ಬಳಸದ ಎರಡನೆಯ ಸಂಕೇತ ಕಳ್ಳನ ಬಳಿ ಉಳಿಯುತ್ತದೆ. ತೆರೆಯಲು ಮತ್ತು ಮುಚ್ಚಲು ಬೇರೆ ಬೇರೆ ಗುಂಡಿಗಳಿರುವ, ಯಾವ ಗುಂಡಿ ಎಂಬುದನ್ನೂ ಗೂಢಲಿಪಿಯೊಳಗೆ ಸೇರಿಸುವ ಘಟಕಗಳಲ್ಲಿ ಮುಚ್ಚುವಾಗ ಕದ್ದ ಸಂಕೇತದಿಂದ ತೆರೆಯಲಾಗದು. ಒಂದೇ ಗುಂಡಿಯಿಂದ ತೆರೆಯುವ, ಮುಚ್ಚುವ ಘಟಕಗಳಿಗೆ ಆ ರಕ್ಷಣೆ ಇಲ್ಲ. ಮೊದಲ ಒತ್ತಿಗೆ ಕಾರು ಸುಮ್ಮನಿದ್ದು ಎರಡನೆಯದಕ್ಕೆ ಸ್ಪಂದಿಸಿದರೆ, ಸ್ಥಳ ಬದಲಿಸಿ ಇನ್ನೊಮ್ಮೆ ತೆರೆದು ಮುಚ್ಚಿ. ಹೊಸ ಸಂಕೇತ ಕಾರಿಗೆ ತಲುಪಿದ ಕ್ಷಣ ಹಳೆಯದು ಸತ್ತುಹೋಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಸರಳವಾದ ಮೋಸವೇ ಹೆಚ್ಚು ಅಪಾಯಕಾರಿ. ಅದರಲ್ಲಿ ಕಳ್ಳ ಏನನ್ನೂ ದಾಖಲಿಸುವುದಿಲ್ಲ, ಗದ್ದಲ ಎಬ್ಬಿಸುವುದಷ್ಟೇ ಅವನ ಕೆಲಸ. ಮಾಲ್‌ನ ಪಾರ್ಕಿಂಗ್‌ನಲ್ಲಿ ನಡೆಯುತ್ತ ನಡೆಯುತ್ತ ಹಿಂದೆ ನೋಡದೆ ಗುಂಡಿ ಒತ್ತುವವರ ಕಾರು ಲಾಕ್ ಆಗುವುದೇ ಇಲ್ಲ. ಇಂಡಿಕೇಟರ್ ಮಿನುಗಿತೇ ಎಂದು ಕಣ್ಣಿನಿಂದ ನೋಡಿ, ಬಾಗಿಲ ಹಿಡಿಯನ್ನು ಕೈಯಿಂದ ಎಳೆದು ನೋಡಿ ಹೊರಡುವುದೇ ಇದಕ್ಕೆ ಪರಿಹಾರ.

ನಿಮ್ಮ ಹೊಸ ಕಾರಿನದು ಬೇರೆ ಕಥೆ. ಕಾರು ಕೆಳ ತರಂಗದಲ್ಲಿ "ಹತ್ತಿರ ಇದ್ದೀಯಾ" ಎಂದು ಕೇಳುತ್ತದೆ, ಜೇಬಿನ ಕೀಲಿ ಮೇಲಿನ ತರಂಗದಲ್ಲಿ ಉತ್ತರಿಸುತ್ತದೆ. ಒಬ್ಬ ಕಾರಿನ ಬಳಿ, ಇನ್ನೊಬ್ಬ ನಿಮ್ಮ ಗೋಡೆಯ ಬಳಿ ಆಂಟೆನಾ ಹಿಡಿದು ನಿಂತು ಈ ಮಾತುಕತೆಯನ್ನು ದಾಟಿಸಿದರೆ, ಮನೆಯೊಳಗಿನ ಕೀಲಿ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಇಲ್ಲಿ ಗೂಢಲಿಪಿಯನ್ನು ಮುರಿಯುವ ಅಗತ್ಯವೇ ಬೀಳುವುದಿಲ್ಲ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು 2011ರಲ್ಲಿ ಎಂಟು ತಯಾರಕರ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಆದ್ದರಿಂದ ಕೀಲಿಯನ್ನು ಆ ಗೋಡೆಯ ಮೊಳೆಗೆ ತೂಗುಹಾಕಬೇಡಿ. ರಾತ್ರಿ ಅದನ್ನು ತರಂಗ ತಡೆಯುವ ಲೋಹದ ಪದರದ ಚೀಲದಲ್ಲಿಡಿ, ಮತ್ತು ಚೀಲ ಕೆಲಸ ಮಾಡುತ್ತದೆಯೇ ಎಂದು ಕಾರಿನ ಪಕ್ಕದಲ್ಲೇ ನಿಂತು ಪರೀಕ್ಷಿಸಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಕೀಲಿರಹಿತ ಪ್ರವೇಶವನ್ನು ಸ್ಥಗಿತಗೊಳಿಸುವ ವಿಧಾನವಿದ್ದರೆ ಇನ್ನೂ ಒಳ್ಳೆಯದು.

ಬೆಂಗಳೂರು ಟ್ಯಾಕ್ಸಿ ಮಾಲೀಕ

ನನ್ನ ಬಳಿ ಬಾಡಿಗೆಗೆ ಓಡುವ ಕಾರುಗಳಿವೆ. ಜೆ.ಸಿ. ರಸ್ತೆಯಲ್ಲಿ ಕೆಲವರು, ಮೊಬೈಲ್‌ನಿಂದಲೇ ಓಡುತ್ತಿರುವ ಕಾರಿನ ಎಂಜಿನ್ ನಿಲ್ಲಿಸುವ ಜಿಪಿಎಸ್ ಸಾಧನವನ್ನು ಹಾಕಿಕೊಡುತ್ತೇವೆ ಎನ್ನುತ್ತಾರೆ. ಕಾರು ಕದ್ದವನು ಹೆದ್ದಾರಿ ಸೇರುವ ಮೊದಲೇ ನಿಲ್ಲಿಸಬಹುದಲ್ಲ, ಅಲಾರಂಗಿಂತ ಇದೇ ಉತ್ತಮವಲ್ಲವೇ? ಚಾಲಕನನ್ನು ಬೆದರಿಸಿ ಇಳಿಸಿ ಕಾರು ಒಯ್ದ ಪ್ರಕರಣಗಳಿವೆ. ಅಲ್ಲಿ ಸೈರನ್ನೂ ಚಿಪ್ಪೂ ಏನೂ ಮಾಡಲಾರವು, ಏಕೆಂದರೆ ಕೀಲಿ ಕಾರಿನಲ್ಲೇ ಇರುತ್ತದೆ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ ಸರ್, ಆದರೆ ಓಡುವ ಎಂಜಿನ್ ನಿಲ್ಲಿಸುವ ಜೋಡಣೆಯನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿ ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಕೆಲವೇ ಒತ್ತುಗಳಿಗೆ ಸಾಕಾಗುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಆ ಹೊತ್ತಿನಲ್ಲಿ ಕಾರಿನ ಮುಂದೆ ಯಾರಿರುತ್ತಾರೆ ಎಂಬುದು ಮೊಬೈಲ್ ಹಿಡಿದವರಿಗೆ ಕಾಣುವುದಿಲ್ಲ. ಕಳ್ಳನೇ ಸಾಯಲಿ ಎಂದುಕೊಂಡರೂ, ಎದುರಿಗೆ ಬರುವ ಸ್ಕೂಟರಿನವರು ಏನು ತಪ್ಪು ಮಾಡಿದ್ದಾರೆ? ಸಾಧನವೇ ಕೆಟ್ಟು, ನಿಮ್ಮ ಚಾಲಕನೇ ಪ್ರಯಾಣಿಕರೊಂದಿಗೆ ಘಾಟಿಯಲ್ಲಿರುವಾಗ ಎಂಜಿನ್ ನಿಂತರೆ ಹೊಣೆ ಯಾರದು?

ಸರಿಯಾದ ಜೋಡಣೆ ಸ್ಟಾರ್ಟರ್ ತಂತಿಯಲ್ಲಿ. ಕೀಲಿಯಿಂದ ಸ್ಟಾರ್ಟರಿಗೆ ಹೋಗುವ ತಂತಿಯನ್ನು ರಿಲೇಯ, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚಿನ 30 ಮತ್ತು 87ಎ ಕಾಲುಗಳ ಮೂಲಕ ಹಾಯಿಸುತ್ತೇವೆ. ರಿಲೇಗೆ ವಿದ್ಯುತ್ ಇಲ್ಲದಾಗ ಈ ಎರಡು ಕಾಲುಗಳು ಕೂಡಿಕೊಂಡೇ ಇರುತ್ತವೆ. ಅಲಾರಂ ಹೂಡಿದ್ದಾಗ ಯಾರಾದರೂ ಕೀಲಿ ತಿರುಗಿಸಿದರೆ ಮಾತ್ರ ರಿಲೇ ಎಳೆದುಕೊಂಡು ದಾರಿ ಕಡಿಯುತ್ತದೆ. ಇದರಿಂದ ಎರಡು ಅನುಕೂಲ. ಓಡುತ್ತಿರುವ ಎಂಜಿನ್ನಿಗೆ ಇದು ಕೈಹಾಕುವುದಿಲ್ಲ, ಮತ್ತು ಅಲಾರಂ ಘಟಕ ಸುಟ್ಟುಹೋದರೂ ಕಾರು ಶುರುವಾಗುತ್ತದೆ. ಜಿಪಿಎಸ್ ಹಾಕಿಸಿ, ಖಂಡಿತ ಹಾಕಿಸಿ, ಆದರೆ ನಿಂತ ಕಾರು ಮತ್ತೆ ಶುರುವಾಗದಂತೆ ತಡೆಯುವಷ್ಟಕ್ಕೆ ಅದರ ಅಧಿಕಾರ ಇರಲಿ. ಕಾರು ಎಲ್ಲಿದೆ ಎಂದು 112ಕ್ಕೆ ತಿಳಿಸಿ, ಮುಂದಿನ ಕೆಲಸ ಪೊಲೀಸರದು.

ಬೆಂಗಳೂರು ಟ್ಯಾಕ್ಸಿ ಮಾಲೀಕ

ಘಾಟಿಯ ಮಾತು ಒಪ್ಪಿದೆ. ಆದರೆ ಹಣ ಹೂಡಿದವನ ಸಂಕಟವೂ ಇದೆ ಎಂಬುದನ್ನು ಮರೆಯಬಾರದು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ, ಅಂದರೆ ವೇಗ ಶೂನ್ಯಕ್ಕೆ ಬಂದಾಗ ಮಾತ್ರ ಎಂಜಿನ್ ಕಡಿಯುವ ಜೋಡಣೆಯನ್ನು ನೀವು ಒಪ್ಪುತ್ತೀರಾ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್

ಸಾಧನವು ವೇಗವನ್ನು ಜಿಪಿಎಸ್‌ನಿಂದ ಅಂದಾಜು ಮಾಡುವುದಾದರೆ ಒಪ್ಪುವುದಿಲ್ಲ. ಮೇಲ್ಸೇತುವೆಯ ಕೆಳಗೆ, ಸುರಂಗದಲ್ಲಿ ಸಂಪರ್ಕ ತಪ್ಪಿದಾಗ ಓಡುವ ಕಾರನ್ನೂ ಅದು ನಿಂತಿದೆ ಎಂದು ತಿಳಿಯಬಹುದು. ಕಾರಿನ ವೇಗದ ಸೆನ್ಸರ್‌ನಿಂದಲೇ ಮಾಹಿತಿ ಪಡೆಯುವ ಕಂಪನಿಯ ವ್ಯವಸ್ಥೆಯಾದರೆ ಮಾತು ಬೇರೆ.

ಅಮೆರಿಕದಲ್ಲಿರುವ ಕನ್ನಡಿಗ

ಸೈರನ್ ಬೇರೆ, ಇಮೊಬಿಲೈಸರ್ ಬೇರೆ ಎಂಬ ಮಾತಿಗೆ ಇಲ್ಲಿ ನಾವು ಕಣ್ಣಾರೆ ಕಂಡ ಉದಾಹರಣೆಯೊಂದಿದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ, ಕೆನಡಾದಲ್ಲಿ 2007ರಿಂದ. ಅಮೆರಿಕದಲ್ಲಿ ಅಂಥ ಕಡ್ಡಾಯವಿಲ್ಲ. 2011ರಿಂದ 2021ರವರೆಗೆ ಇಲ್ಲಿ ಮಾರಾಟವಾದ, ಕೀಲಿ ತಿರುಗಿಸಿ ಶುರುಮಾಡುವ ಹುಂಡೈ ಮತ್ತು ಕಿಯಾ ಕಾರುಗಳಲ್ಲಿ ಬಹಳಷ್ಟಕ್ಕೆ ಚಿಪ್‌ನ ಕಾವಲು ಇರಲಿಲ್ಲ. ಬೀಗದ ಭಾಗವನ್ನು ಕಿತ್ತು ಯುಎಸ್‌ಬಿ ತಂತಿಯ ತುದಿಯಿಂದ ತಿರುಗಿಸಿ ಒಯ್ಯುವ ವಿಧಾನ ಸಾಮಾಜಿಕ ಜಾಲತಾಣದಲ್ಲಿ ಹರಡಿದ ಮೇಲೆ ಹದಿಹರೆಯದ ಹುಡುಗರೇ ಬೀದಿಬೀದಿಗಳಲ್ಲಿ ಕಾರು ಕದ್ದರು, ಅಪಘಾತಗಳಲ್ಲಿ ಪ್ರಾಣಗಳೂ ಹೋದವು. 2023ರಲ್ಲಿ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಹೊಸ ತಂತ್ರಾಂಶ ಕೊಟ್ಟವು. ಅದರಲ್ಲಿ ಸೈರನ್‌ನ ಅವಧಿಯನ್ನು 30 ಸೆಕೆಂಡಿನಿಂದ ಒಂದು ನಿಮಿಷಕ್ಕೆ ಏರಿಸಿದರು. ಅದರ ಜೊತೆಗೆ, ರಿಮೋಟ್‌ನಿಂದ ಲಾಕ್ ಮಾಡಿದ ಕಾರು ಬರಿದೇ ಬೀಗ ತಿರುಗಿಸಿದರೆ ಶುರುವಾಗದಂತೆಯೂ ಮಾಡಿದರು. ಎರಡನೆಯ ಬದಲಾವಣೆಯೇ ಇಲ್ಲಿ ತಿರುಳು. ಇನ್ನೊಂದನ್ನು ಗಮನಿಸಿ: ಬಾಗಿಲನ್ನು ರಿಮೋಟ್‌ನಿಂದ ಲಾಕ್ ಮಾಡಿದರೆ ಮಾತ್ರ ಆ ಕಾವಲು ಜಾಗೃತವಾಗುತ್ತದೆ.

ಧಾರವಾಡದ ವಕೀಲ

ತಾಂತ್ರಿಕ ಸಂಗತಿಗಳು ಚೆನ್ನಾಗಿ ಬಂದಿವೆ. ಮೂಲ ಪ್ರಶ್ನೆ ಕೇಳಿದವರು ವಿಮೆಯ ಬಗ್ಗೆ ಏನನ್ನೂ ಹೇಳದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮಾಲೀಕತ್ವ ವರ್ಗವಾದ 14 ದಿನಗಳೊಳಗೆ ವಿಮಾ ಕಂಪನಿಗೂ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಮೋಟಾರು ವಾಹನ ಕಾಯ್ದೆಯ 157ನೆಯ ಕಲಂ ಹೇಳುತ್ತದೆ. ಆರ್‌ಸಿ ನಿಮ್ಮ ಹೆಸರಿನಲ್ಲಿದ್ದು ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ, ಕಾರು ಕಳುವಾದ ದಿನ ಪರಿಹಾರ ಕೇಳುವುದು ಬಹಳ ಕಷ್ಟವಾಗುತ್ತದೆ.

ಕಳ್ಳತನದ ಕ್ಲೇಮಿನಲ್ಲಿ ವಿಮಾ ಕಂಪನಿಗಳು ಮೊದಲು ಕೇಳುವುದು ಕಾರಿನ ಎರಡೂ ಮೂಲ ಕೀಲಿಗಳನ್ನು. ಒಂದು ಕೀಲಿ ಇಲ್ಲವೆಂದರೆ, ಕಾರಿನಲ್ಲೇ ಬಿಟ್ಟಿದ್ದಿರಾ, ಅಂದರೆ ಅಜಾಗರೂಕತೆಯೇ ಎಂಬ ಪ್ರಶ್ನೆ ಹುಟ್ಟುತ್ತದೆ. ಹಿಂದಿನ ಮಾಲೀಕರಿಂದ ಒಂದೇ ಕೀಲಿ ಬಂದಿದ್ದರೆ ಆ ಸಂಗತಿಯನ್ನು ಈಗಲೇ ಅವರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಕಳ್ಳತನವಾದರೆ ತಕ್ಷಣ ಎಫ್‌ಐಆರ್ ದಾಖಲಿಸಿ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಂ ಅಡಿಯಲ್ಲಿ ಬರುತ್ತದೆ. ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಎಫ್‌ಐಆರ್ ತಡವಿಲ್ಲದೆ ಆಗಿದ್ದು ಕಳ್ಳತನ ನಿಜವೆಂದು ಕಂಡುಬಂದಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಲಾಗದು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಾಗೆಂದು ತಡಮಾಡಬೇಡಿ, ಆ ತೀರ್ಪಿನವರೆಗೆ ಹೋಗಲು ವರ್ಷಗಳೇ ಬೇಕಾದವು. ಕಾರು ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ, ನಮ್ಮಲ್ಲಿ ಸಿ ರಿಪೋರ್ಟ್ ಎಂದು ಕರೆಯುವ ವರದಿಯ ಪ್ರತಿ ಪರಿಹಾರಕ್ಕೆ ಬೇಕಾಗುತ್ತದೆ.

ಅಲಾರಂ ಹಾಕಿಸಿದರೆ ವಿಮೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. 2002ರ ಮೋಟಾರು ಟ್ಯಾರಿಫ್, ಅಂದರೆ ವಾಹನ ವಿಮೆಯ ದರಪಟ್ಟಿಯ ಪ್ರಕಾರ ಅದು ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಅನುಮೋದಿಸಿದ ಸಾಧನಕ್ಕೆ ಮಾತ್ರ. ಅದನ್ನು ಅಳವಡಿಸಿದ್ದಕ್ಕೆ ಆಟೋಮೊಬೈಲ್ ಅಸೋಸಿಯೇಷನ್ ಪ್ರಮಾಣಪತ್ರವೂ ಬೇಕು. ರಿಯಾಯಿತಿಯ ಪ್ರಮಾಣ ಸ್ವಂತ ಹಾನಿಯ ಪ್ರೀಮಿಯಂನ ಶೇ 2.5, ಅದೂ 500 ರೂಪಾಯಿ ಮೀರದಂತೆ. ಕೇವಲ ಈ ರಿಯಾಯಿತಿಗಾಗಿ ಹಾಕಿಸುವಂಥದ್ದಲ್ಲ.

ನೆರೆಯವರ ನಿದ್ದೆಯ ವಿಷಯ ಬರಿಯ ಸೌಜನ್ಯದ್ದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ಅಲಾರಂ ಸೈರನ್‌ನ ಸದ್ದು ಅದಕ್ಕಿಂತ ಬಹಳ ಮೇಲೆ. ಪದೇ ಪದೇ ಸುಳ್ಳು ಕೂಗು ಕೇಳಿದ ಬೀದಿಯವರು ನಿಜವಾದ ದಿನ ಕಿಟಕಿಯನ್ನೂ ತೆರೆಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಷ್ಟ.

ಬೆಂಗಳೂರಿನ ಗೃಹಿಣಿ

ನಾವು ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಕಾರು ಇಲ್ಲೇ ಅಪಾರ್ಟ್‌ಮೆಂಟಿನಲ್ಲಿ ನಿಲ್ಲುತ್ತದೆ. ಬರುವ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಅಲಾರಂ ಕಾರಣವೇ ಅಥವಾ ಬ್ಯಾಟರಿಯೇ ಹಳೆಯದಾಗಿದೆಯೇ ಎಂದು ತಿಳಿಯುವುದು ಹೇಗೆ?

ಮೈಸೂರು ಸರ್ಕ್ಯೂಟ್

ಅಮ್ಮಾ, ಎರಡೂ ಸೇರಿರಬಹುದು, ಲೆಕ್ಕ ಹಾಕಿ ನೋಡೋಣ. ಹೂಡಿದ ಅಲಾರಂ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನದ 24 ಗಂಟೆಗೆ ಅದು 0.48 ಆಂಪಿಯರ್-ಗಂಟೆ, 30 ದಿನಕ್ಕೆ 14.4. ಸಣ್ಣ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯದು. ಹೊಸ ಬ್ಯಾಟರಿಯಾದರೆ ಒಂದು ತಿಂಗಳ ನಂತರವೂ ಕಾರು ಶುರುವಾಗುವ ಸಾಧ್ಯತೆ ಇದೆ, ಶಕ್ತಿ ಅರ್ಧಕ್ಕಿಳಿದ ಹಳೆಯ ಬ್ಯಾಟರಿಯಾದರೆ ಇಲ್ಲ. ಸ್ಟೀರಿಯೊ, ಗಡಿಯಾರ, ಕಂಪ್ಯೂಟರ್ ಎಳೆಯುವುದು ಇದಕ್ಕೆ ಸೇರುತ್ತದೆ. ಎಲೆಕ್ಟ್ರಿಷಿಯನ್ ಬಳಿ, ಕಾರನ್ನು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಸಿ. 50 ಮಿಲಿಆಂಪಿಯರ್ ಮೀರಿದ್ದರೆ ಎಲ್ಲೋ ಸೋರಿಕೆ ಇದೆ. ಊರಿಗೆ ಹೋಗುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡುವುದು ವಾಡಿಕೆ, ಆದರೆ ಸೈರನ್‌ನೊಳಗೆ ತನ್ನದೇ ಬ್ಯಾಟರಿ ಇರುವ ಬಗೆಯದಾದರೆ ತಂತಿ ಬಿಚ್ಚಿದೊಡನೆ ಅದು ಕೂಗುತ್ತದೆ. ಅಂಥ ಸೈರನ್ನಿಗೆ ಪಕ್ಕದಲ್ಲಿ ಚಿಕ್ಕ ಕೀಲಿ ಇರುತ್ತದೆ, ಮೊದಲು ಅದನ್ನು ಆಫ್ ಮಾಡಬೇಕು.

ಶಿವಮೊಗ್ಗದ ಹೊಸ ಸದಸ್ಯ

ಎಲ್ಲರಿಗೂ ಕೃತಜ್ಞತೆಗಳು. ಸೆನ್ಸರ್ ಡಬ್ಬಿಯನ್ನು ಸ್ಟಿಯರಿಂಗ್ ಕಂಬದ ಕೆಳಗಿನ ಕಬ್ಬಿಣದ ಪಟ್ಟಿಗೆ ಬಿಗಿಸಿ, ತಿರುಪನ್ನು ಇಳಿಸಿದ ಮೇಲೆ ಲಾರಿಗಳು ಹೋದರೂ ಕಾರು ಸುಮ್ಮನಿದೆ. ಪಕ್ಕದ ಮನೆಯ ಹಿರಿಯರಿಗೂ ತಿಳಿಸಿದೆ, ಮತ್ತೆ ಕೂಗಿದರೆ ಸಂಕೋಚವಿಲ್ಲದೆ ಎಬ್ಬಿಸಿ ಎಂದು ಫೋನ್ ಸಂಖ್ಯೆ ಕೊಟ್ಟಿದ್ದೇನೆ. ಹೊಸ ರಿಮೋಟ್ ತರಿಸಿ ಎಲ್ಲ ಜಾಗಗಳಿಗೂ ನನ್ನವನ್ನೇ ಕಲಿಸಿಯಾಯಿತು. ಪಾಲಿಸಿ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದೇನೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಹಳೆಯ ರಿಮೋಟ್ ಕಾರಿನ ತೀರ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಹೊಸದು ದೂರದಿಂದಲೂ ಮಾಡುತ್ತದೆ. ಹಳೆಯದು ಕೆಟ್ಟಿದೆಯೇ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್

ಕೆಟ್ಟಿಲ್ಲ ಸರ್, ಬ್ಯಾಟರಿ ಮುಗಿಯುತ್ತ ಬಂದಿದೆ. ಹಿಂಬದಿ ತೆರೆದು ನೋಡಿ. ನಾಣ್ಯದಂತೆ ಚಪ್ಪಟೆಯಾಗಿದ್ದರೆ ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿನದು. ಗಿಡ್ಡ ಸೆಲ್‌ನಂತೆ ಉರುಟಾಗಿದ್ದರೆ 23ಎ ಅಥವಾ 27ಎ, ಅವೆರಡೂ 12 ವೋಲ್ಟಿನವು ಆದರೂ ಗಾತ್ರ ಬೇರೆ, ಹಾಗಾಗಿ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಒಳಗಿನ ಲೋಹದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಒಣಬಟ್ಟೆಯಿಂದ ಒರೆಸಿ ಹೊಸದನ್ನು ಹಾಕಿ. ಬ್ಯಾಟರಿ ಬದಲಿಸಿದರೆ ಕಲಿಸಿದ್ದು ಅಳಿಸಿಹೋಗುವುದಿಲ್ಲ, ಹೆಚ್ಚೆಂದರೆ ಕಾರಿನ ಪಕ್ಕದಲ್ಲಿ ಎರಡು ಸಲ ಒತ್ತಬೇಕಾಗಬಹುದು.